ಬೆಳೆಯುವ ಮಗುವಿನ ಬುದ್ಧಿ

ತನಗೆ ಒಂದೇ ರೊಟ್ಟಿ ಬಂತೆಂದು ನಾಲ್ಕು ವರ್ಷದ ಕೂಸು ಅಳುತ್ತದೆ. ತಾಯಿ ಅದೇ ರೊಟ್ಟಿಯನ್ನು ನಾಲ್ಕು ತುಣುಕು ಮಾಡಿ ತಾಟಿಗೆ ಹಾಕುತ್ತಾಳೆ. ಈಗ ಬಹಳವಾಯಿತೆಂದು ಕೂಸು ನಕ್ಕು ಉಣ್ಣುತ್ತದೆ. ತಾಯಂದಿರು ಬಹುಕಾಲದಿಂದ ಬಲ್ಲ ಈ ಉಪಾಯದ ಒಳಮರ್ಮವನ್ನು ಶಾಸ್ತ್ರಕ್ಕೆ ತಂದವರು ಸ್ವಿಟ್ಜರ್ಲೆಂಡಿನ ಝಾನ್ ಪಿಯಾಜೆ (1896–1980). ಅವರು ಎರಡು ಸಮನಾದ ಲೋಟಗಳಲ್ಲಿ ಸಮನಾಗಿ ನೀರಿಟ್ಟು, ಒಂದರ ನೀರನ್ನು ಮಗುವಿನ ಕಣ್ಣೆದುರಿಗೇ ಉದ್ದನೆಯ ಕಿರಿದಾದ ಪಾತ್ರೆಗೆ ಸುರಿಸಿದರು. ಐದು ವರ್ಷದ ಮಗು ಸಾಮಾನ್ಯವಾಗಿ ಎತ್ತರದ ಪಾತ್ರೆಯಲ್ಲಿಯೇ ನೀರು ಹೆಚ್ಚೆನ್ನುತ್ತದೆ. ಏಳೆಂಟು ವರ್ಷದ್ದು, ಹಾಕಿಲ್ಲ, ತೆಗೆದಿಲ್ಲ, ಆದ್ದರಿಂದ ಅಷ್ಟೇ ಇದೆ ಎನ್ನುತ್ತದೆ.

ಎಂದರೆ ಮಗು ಕಡಿಮೆ ತಿಳಿದ ಪುಟ್ಟ ದೊಡ್ಡವನಲ್ಲ. ಅದು ಯೋಚಿಸುವ ಬಗೆಯೇ ಬೇರೆ. ಎರಡು ವರ್ಷದವರೆಗೆ ಕೈ ಬಾಯಿಗಳಿಂದ ಲೋಕವನ್ನರಿಯುತ್ತದೆ. ಏಳರವರೆಗೆ ಕಣ್ಣಿಗೆ ಕಂಡದ್ದೇ ನಿಜ. ಆಮೇಲೆ ಎದುರಿಗಿರುವ ವಸ್ತುಗಳ ಮೇಲೆ ತರ್ಕ ನಡೆಯುತ್ತದೆ. ಹನ್ನೊಂದು ಹನ್ನೆರಡರ ತರುವಾಯ ಎದುರಿಗಿಲ್ಲದ್ದರ ಮೇಲೂ ನಡೆಯತೊಡಗುತ್ತದೆ. ಕನ್ನಡ ಪಂಡಿತರಿಗೆ ಇದು ಹೊಸತಲ್ಲ. ಎಂಟು ವರ್ಷದ ಹುಡುಗ ರೂಪಕಾಲಂಕಾರದ ಲಕ್ಷಣವನ್ನು ಗಿಳಿಯಂತೆ ಒಪ್ಪಿಸಬಲ್ಲ. ಅದರ ಸ್ವಾರಸ್ಯ ಅವನಿಗೆ ಒಲಿಯುವುದು ಎಂಟೊಂಬತ್ತನೆಯ ತರಗತಿಯಲ್ಲಿ.

ಆದರೆ ಈ ವಯಸ್ಸಿನ ಗೆರೆಗಳು ಕಲ್ಲಿನಲ್ಲಿ ಕೊರೆದವಲ್ಲ. ಸಂತೆಯಲ್ಲಿ ತಂದೆಯ ಬದಿಗೆ ಕುಳಿತು ಬದನೆಕಾಯಿ ಮಾರುವ ಹುಡುಗ ಚಿಲ್ಲರೆ ಲೆಕ್ಕ ತಪ್ಪುವುದಿಲ್ಲ. ಅದೇ ಲೆಕ್ಕ ಹಲಗೆಯ ಮೇಲೆ ಬಂದರೆ ತಡವರಿಸುತ್ತಾನೆ. ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ಬೀದಿಯಲ್ಲಿ ಮಾರುವ ಐವರು ಮಕ್ಕಳನ್ನು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದ ಲೇಖನವೂ ಇದನ್ನೇ ತೋರಿಸಿತು: ವ್ಯಾಪಾರದಲ್ಲಿ ನೂರಕ್ಕೆ 98 ಉತ್ತರ ಸರಿ, ಬರಿಯ ಅಂಕಿಗಳಾಗಿ ಕೊಟ್ಟಾಗ 37. ಬುದ್ಧಿ ಇಲ್ಲವೆಂದು ಹುಡುಗನ ಚೀಲವನ್ನು ಗೂಟಕ್ಕೆ ಸಿಕ್ಕಿಸುವ ಮುನ್ನ ಇಷ್ಟನ್ನು ನೋಡಬೇಡವೆ? 1934ರಲ್ಲಿ, ಮೂವತ್ತೇಳರ ವಯಸ್ಸಿನಲ್ಲೇ ತೀರಿಕೊಂಡ ರಷ್ಯದ ವಿಗೋಟ್ಸ್ಕಿಯವರು ಮಗು ಒಂಟಿಯಾಗಿ ಮಾಡಬಲ್ಲದ್ದನ್ನಷ್ಟೇ ಅಳೆಯಬೇಡಿ, ಬಲ್ಲವರ ಆಸರೆಯಿಂದ ಏನು ಮಾಡಬಲ್ಲದೆಂಬುದನ್ನೂ ನೋಡಿ ಎಂದರು. ಇವೆರಡರ ನಡುವಿನ ಅಂತರದಲ್ಲಿಯೇ ಮೇಷ್ಟ್ರ ಕೆಲಸವಿರುವುದು.

ಈ ಶಾಸ್ತ್ರ ನಮ್ಮ ನಾಡಿಗೆ ಪರದೇಶಿಯಾಗಿ ಉಳಿಯಲಿಲ್ಲ. ವಿ. ವಿ. ಕಾಮತರು ಬಿನೆಯವರ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗುವಂತೆ ತಿದ್ದಿದರು. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರೆಂಬುದನ್ನು ರೇಡಿಯೋ ಕೇಳುವ ಮನೆಗಳು ನೆನೆಯಬಹುದು.

ಇನ್ನು ಹರೆಯ. ಅಮೆರಿಕದ ಸ್ಟ್ಯಾನ್ಲಿ ಹಾಲ್ 1904ರಲ್ಲಿ ಇದನ್ನು ಬಿರುಗಾಳಿಯ ಕಾಲವೆಂದರು. ಎಲ್ಲರಿಗೂ ಹಾಗಲ್ಲವೆಂದು ಮುಂದಿನವರು ತಿದ್ದಿದರು. ಮಗ ರಾತ್ರಿ ಬೇಗ ಮಲಗುವುದಿಲ್ಲ, ಬೆಳಿಗ್ಗೆ ಏಳುವುದಿಲ್ಲವೆಂಬ ದೂರಿಗೆ ಸೋಮಾರಿತನವೊಂದೇ ಕಾರಣವಲ್ಲ. ಹರೆಯದಲ್ಲಿ ದೇಹದ ನಿದ್ರೆಯ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ಎರಿಕ್ ಎರಿಕ್ಸನ್ 1950ರ ಗ್ರಂಥದಲ್ಲಿ ಈ ವಯಸ್ಸಿನ ಮುಖ್ಯ ಪ್ರಶ್ನೆ 'ನಾನು ಯಾರು' ಎಂಬುದೆಂದರು. ಹಲವು ವೇಷ ತೊಟ್ಟು ಕಳಚಿ ಉತ್ತರ ಹುಡುಕಲು ಬಿಡುವು ಬೇಕು. ಎಡದಂಡೆ ಕಾಲುವೆಯ ನಮ್ಮ ತುರ್ವಿಹಾಳ ಸೀಮೆಯಲ್ಲಿ ಆ ಬಿಡುವು ಎಲ್ಲರಿಗೂ ಎಲ್ಲಿ? ಭತ್ತದ ನಾಟಿಗೆ ಹೋದ ಹುಡುಗಿಯ ಉತ್ತರವನ್ನು ಗಂಡು ನೋಡಿದ ಹಿರಿಯರು ಬರೆದಿಡುತ್ತಾರೆ. ದುಡಿಯಲು ಊರು ಬಿಟ್ಟ ಹುಡುಗನದನ್ನು ಮುಂಗಡ ಕೊಟ್ಟ ಮೇಸ್ತ್ರಿ ಬರೆಯುತ್ತಾನೆ.

ಐದರವರೆಗೆ ಮುದ್ದು, ಮುಂದೆ ಹತ್ತು ವರ್ಷ ದಂಡನೆ, ಹದಿನಾರಕ್ಕೆ ಮಿತ್ರಭಾವ ಎಂಬುದು ಹಳೆಯ ಸುಭಾಷಿತದ ಮಾತು. ಕೊನೆಯದನ್ನು ಇಂದಿನ ಶಾಸ್ತ್ರಜ್ಞರೂ ಒಪ್ಪುತ್ತಾರೆ. ನಡುವಿನದನ್ನು ಒಪ್ಪುವುದಿಲ್ಲ, 2009ರ ಶಿಕ್ಷಣ ಹಕ್ಕಿನ ಕಾಯಿದೆಯೂ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದೆ. ಹೆಣ್ಣಿನ ಮದುವೆಗೆ 18 ತುಂಬಬೇಕೆಂಬುದನ್ನು 2006ರ ಕಾಯಿದೆಯೂ ಎತ್ತಿ ಹಿಡಿದಿದೆ. ಇಲ್ಲದ್ದನ್ನೂ ಯೋಚಿಸಬಲ್ಲ ಶಕ್ತಿ ಚಿಗುರುವುದು ಹನ್ನೆರಡರ ಆಸುಪಾಸಿನಲ್ಲಿ. ಎಷ್ಟೋ ಹುಡುಗಿಯರನ್ನು ಶಾಲೆ ಬಿಡಿಸುವುದೂ ಅದರ ಬೆನ್ನಿಗೇ.