ಕೆರೆಯ ಏರಿ ಒಡೆದರೆ ಹೊಣೆ ಯಾರದು?

ಹಿಂದೂಪುರ, ಕಲ್ಯಾಣದುರ್ಗ ಕಡೆಯ ಒಣನೆಲದಲ್ಲಿ ಕೆರೆಯ ಮಣ್ಣಿನ ಏರಿಯೇ ಬೇಸಾಯದ ಜೀವಾಳ. ಆ ಸೀಮೆಯಲ್ಲಿ ಹಿಂದೆ ‘ದಶಬಂಧ’ ಇನಾಮು ಇತ್ತು. ಕೆರೆ ಕಟ್ಟಿದವನಿಗೆ, ದುರಸ್ತಿಯ ಭಾರ ಹೊತ್ತವನಿಗೆ ಕಂದಾಯದಲ್ಲಿ ರಿಯಾಯಿತಿ. ದುರಸ್ತಿಯ ಕರ್ತವ್ಯದೊಂದಿಗೇ ಆ ಹಕ್ಕು.

ಏರಿ ಒಡೆದು ನೆರೆಯವರಿಗೆ ನಷ್ಟವಾದರೆ? ಇಂಗ್ಲೆಂಡಿನಲ್ಲಿ ಗಿರಣಿಯೊಂದರ ಜಲಾಶಯದ ನೀರು ಪಕ್ಕದ ಗಣಿಗೆ ನುಗ್ಗಿದ ಮೊಕದ್ದಮೆಯಲ್ಲಿ, ಅಜಾಗ್ರತೆ ಇರಲಿ ಇಲ್ಲದಿರಲಿ, ನೀರು ಕೂಡಿಟ್ಟವನೇ ಹೊಣೆಯೆಂದು 1868ರಲ್ಲಿ ತೀರ್ಪಾಯಿತು. ಅದೇ ಪ್ರಶ್ನೆ ರಾಯಲಸೀಮೆಯಿಂದಲೂ ಎದ್ದಿತು. ಈಗಿನ ಚಿತ್ತೂರು ಜಿಲ್ಲೆಯ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳೊಡೆದು ಮದ್ರಾಸ್ ರೈಲ್ವೆ ಕಂಪೆನಿಗೆ ಹಾನಿಯಾಗಿತ್ತು. 1874ರಲ್ಲಿ ಪ್ರಿವಿ ಕೌನ್ಸಿಲ್ ಬೇರೆಯೇ ದಾರಿ ಹಿಡಿಯಿತು: ಕೆರೆಗಳು ಪುರಾತನ, ಜನಜೀವನಕ್ಕೆ ಅವಶ್ಯ. ಅವನ್ನು ಉಳಿಸುವುದು ಜಮೀನ್ದಾರನ ಕರ್ತವ್ಯ. ಅಜಾಗ್ರತೆ ಇದ್ದರೆ ಮಾತ್ರ ಆತ ಹೊಣೆ.

2021ರ ಅಣೆಕಟ್ಟು ಸುರಕ್ಷಾ ಕಾಯಿದೆ 15 ಮೀಟರಿಗಿಂತ ಎತ್ತರದವುಗಳಿಗೆ, 10ರಿಂದ 15 ಮೀಟರಿನ ಕೆಲವಕ್ಕೆ ಮಾತ್ರ ಅನ್ವಯ. ಚಿಕ್ಕ ಏರಿಗೆ ಒಡೆಯನ ಕಣ್ಣೇ ಕಾವಲು. ಕೋಡಿ ಕಟ್ಟಿಕೊಂಡರೆ ನೀರು ಏರಿಯ ಮೇಲೇ ಹರಿದು ಮಣ್ಣನ್ನು ಕೊಚ್ಚುತ್ತದೆ. ತೂಬಿನ ಬದಿಯಿಂದಲೋ ಇಲಿಬಿಲದಿಂದಲೋ ಕೊಳೆತ ಬೇರಿನ ಜಾಡಿನಿಂದಲೋ ಒಸರುವ ನೀರು ಕದಡಿದ್ದರೆ ಒಳಗಿನ ಮಣ್ಣು ಹೋಗುತ್ತಿದೆಯೆಂದೇ ತಿಳಿಯಬೇಕು.

ನಮ್ಮ ಕಾಸರಗೋಡಿನ ಮದಕಗಳಿಗೂ ಈ ಮಾತು ಸಲ್ಲುತ್ತದೆ. ನೀರಿನಲ್ಲಿ ಪಾಲು ಕೇಳುವವರು ಮಳೆಗಾಲಕ್ಕೆ ಮೊದಲು ಹಾರೆ ಹಿಡಿದು ಏರಿಯುದ್ದಕ್ಕೂ ಒಮ್ಮೆ ನಡೆದು ಬರಲಿ.