ಗಂಟಲು ದೊಡ್ಡದಿದ್ರೆ ಆಫೀಸರ್ ಆಗ್ತಾನಾ?

ಬೂಟಿಗೆ ಪಾಲಿಶ್ ಹೊಡೆದು, ಖಾಕಿ ಬಟ್ಟೆ ತೊಟ್ಟು ಕಾಲೇಜು ಮೈದಾನದಲ್ಲಿ ಪರೇಡ್ ಮಾಡುವ ಎನ್.ಸಿ.ಸಿ. ಹುಡುಗರನ್ನು ಬಸ್ಸಿನ ಕಿಟಕಿಯಿಂದ ನೀವೂ ನೋಡಿರುತ್ತೀರಿ. 'ಸಾವಧಾನ್!' ಎಂದು ಮೈದಾನ ನಡುಗುವಂತೆ ಕೂಗುವವನೇ ನಾಳಿನ ಆಫೀಸರ್ ಎಂಬುದು ನಮ್ಮೆಲ್ಲರ ಲೆಕ್ಕ. ಸೈನ್ಯದ ಲೆಕ್ಕ ಬೇರೆಯೇ ಇದೆ ಸ್ವಾಮಿ!

1948ರಲ್ಲಿ ಹುಟ್ಟಿದ ಎನ್.ಸಿ.ಸಿ.ಯಲ್ಲಿ 'ಸಿ' ಸರ್ಟಿಫಿಕೇಟ್ ಪಡೆದ ಪದವೀಧರರಿಗೆ ಭೂಸೇನೆಯ ಆಫೀಸರ್ ಹುದ್ದೆಗೆ ಪ್ರತ್ಯೇಕ ಬಾಗಿಲಿದೆ. ಹೆಣ್ಣುಮಕ್ಕಳಿಗೂ ಉಂಟು. ಲಿಖಿತ ಪರೀಕ್ಷೆ ಇಲ್ಲ. ಹಾಗಂತ ಸಲೀಸು ಅಂದ್ಕೋಬೇಡಿ. ಎಸ್.ಎಸ್.ಬಿ. ಎಂಬ ಆಯ್ಕೆ ಮಂಡಳಿ ಐದು ದಿನ ಜಾಲಾಡುತ್ತದೆ. ಅದರ ಒಂದು ಕೇಂದ್ರ ಬೆಂಗಳೂರಿನಲ್ಲೇ ಇದೆ.

ಮೊದಲ ದಿನವೇ ಜರಡಿ. ಉಳಿದವರನ್ನು ಮನಶ್ಶಾಸ್ತ್ರಜ್ಞ, ಸಂದರ್ಶಕ, ಮೈದಾನದ ಅಧಿಕಾರಿ ಹೀಗೆ ಮೂವರು ಬೇರೆ ಬೇರೆಯಾಗಿ ತೂಗುತ್ತಾರೆ. ತಕ್ಕಡಿಗೆ ಬೀಳುವುದು 15 ಗುಣಗಳು.

ಮೈದಾನದ ಪರೀಕ್ಷೆ ಕೇಳಿ. ಎಂಟು-ಹತ್ತು ಮಂದಿಗೆ ಹಲಗೆ, ಮರದ ತುಂಡು, ಹಗ್ಗ ಕೊಡುತ್ತಾರೆ. ನೆಲ ಮುಟ್ಟದೆ, ಹೊರೆ ಸಮೇತ ಎಲ್ಲರೂ ಆಚೆ ದಾಟಬೇಕು. ಲೀಡರ್ ಯಾರೆಂದು ಮಾತ್ರ ಹೇಳುವುದಿಲ್ಲ. ಗುಟ್ಟು ಇರೋದೇ ಅಲ್ಲಿ! ಒಬ್ಬ 'ನಾನ್ ಹೇಳ್ದಂಗೆ ಕೇಳ್ರೋ' ಎಂದು ಅರಚುತ್ತಾನೆ. ಇನ್ನೊಬ್ಬ ಹಿಂದುಳಿದವನಿಗೆ ಕೈ ಕೊಟ್ಟು, ಒಳ್ಳೆಯ ಉಪಾಯ ಯಾರು ಹೇಳಿದರೂ ಒಪ್ಪಿ, ತಾನೂ ಹಲಗೆಗೆ ಹೆಗಲು ಕೊಡುತ್ತಾನೆ. ಅಧಿಕಾರಿಗೆ ಬೇಕಾದವನು ಇವನೇ.

ಅಂಗಡಿ ನಡೆಸುವವರಿಗೆ ಇದೇನು ಹೊಸದಲ್ಲ. ಬರೀ ಗದರಿಸಿದರೆ ಕೆಲಸದ ಹುಡುಗ ಸಂಬಳದ ದಿನದವರೆಗೆ ಇರ್ತಾನೆ. ಸಾಹುಕಾರನೂ ಜೊತೆಗೆ ಮೂಟೆ ಎತ್ತಿದರೆ ಹಬ್ಬದ ರಶ್ಶಿನಲ್ಲೂ ನಿಲ್ತಾನೆ.

ಹೀಗಿರುವಾಗ, ಎಷ್ಟೋ ಕಾಲೇಜುಗಳಲ್ಲಿ ದೊಡ್ಡ ಗಂಟಲಿನ ಒಬ್ಬನಿಗೇ ಮೂರು ವರ್ಷ ಕಮಾಂಡ್ ಕೊಡುವುದು ಯಾವ ನ್ಯಾಯ? ಹಿಂದಿನ ಸಾಲಿನ ಮೌನಿ ಹುಡುಗನಿಗೆ, ಹಳ್ಳಿಯಿಂದ ಬರುವ ಹುಡುಗಿಗೆ ಸರದಿ ಸಿಗುವುದು ಯಾವಾಗ? ಹತ್ತು ಜನರಿಂದ ಕೆಲಸ ತೆಗೆಯುವುದನ್ನು ಇಲ್ಲೇ ಕಲಿಯದವರು ಬೆಂಗಳೂರಿನ ಐದು ದಿನದಲ್ಲಿ ಕಲಿತಾರೆಯೇ?

ಕೊನೆಯ ದಿನ ತನ್ನ ನಂಬರ್ ಕೂಗದಿದ್ದರೆ ಹುಡುಗ ತಲೆ ತಗ್ಗಿಸಿ ಬಸ್ಸು ಹತ್ತುತ್ತಾನೆ. ಅಂಥವನು ಊರಿಗೆ ಬಂದಾಗ 'ಏನಪ್ಪಾ, ವಾಪಸ್ ಕಳಿಸಿದ್ರಾ?' ಎಂದು ಕೆಣಕಬೇಡಿ. ವಯೋಮಿತಿ ಇರುವ ತನಕ ಮತ್ತೆ ಹೋಗಬಹುದು. 'ಇನ್ನೊಂದ್ ಸಲ ಹೋಗ್ ಬಾರೋ' ಅನ್ನಿ, ಸಾಕು.