ಅಂಬಾಸಿಡರ್ ಕಿರುಗುಟ್ಟಿದರೆ ಕಿವಿಗೊಡಿ!

ಬೆಳಗ್ಗೆ ಮಾವನವರ ಕಾಲದ ಅಂಬಾಸಿಡರ್ ಸ್ಟಾರ್ಟ್ ಆದ ಕೂಡಲೇ ಬಾನೆಟ್ ಒಳಗಿಂದ 'ಕುಂಯ್ಯ್...' ಅಂತ ಸದ್ದು. ಎರಡು ನಿಮಿಷಕ್ಕೆ ತಾನಾಗೇ ನಿಲ್ಲುತ್ತೆ. 'ಹಳೇ ಗಾಡಿ, ಇದ್ದದ್ದೇ ಬಿಡು' ಅಂತ ಮನೆಯವರು ಹೊರಟುಬಿಡ್ತಾರೆ. ನೀವು ಮಾತ್ರ ಹಾಗೆ ಬಿಡಬೇಡಿ. ಅದು ಫ್ಯಾನ್ ಬೆಲ್ಟ್ ಕೂಗು.

ಗಾಡಿ ವಿಷಯ ನಮಗ್ಯಾಕೆ ಅಂತೀರಾ? ಹಬ್ಬದ ಹಿಂದಿನ ದಿನ ದೋಸೆಗೆ ರುಬ್ಬುವಾಗ ಗ್ರೈಂಡರಿನ ಮೋಟಾರು ಗುಂಯ್‌ಗುಡುತ್ತೆ, ಕಲ್ಲು ಮಾತ್ರ ತಿರುಗೋದಿಲ್ಲ. ಬೆಲ್ಟ್ ಸಡಿಲ ಆಗಿದೆ ಅಂತ ನಿಮಗೆ ತಕ್ಷಣ ಗೊತ್ತಾಗುತ್ತೆ ಅಲ್ವಾ? ಕಾರಿನಲ್ಲೂ ನಡೆಯೋದು ಇದೇ. ಇಂಜಿನ್ ತಿರುಗುವಾಗ ಒಂದೇ ಒಂದು ರಬ್ಬರ್ ಬೆಲ್ಟ್ ಮೂರು ಕೆಲಸ ಮಾಡುತ್ತೆ. ರೇಡಿಯೇಟರ್ ಹಿಂದಿನ ಫ್ಯಾನ್, ನೀರಿನ ಪಂಪು, ಕರೆಂಟು ಕೊಡುವ ಆಲ್ಟರ್ನೇಟರ್, ಮೂರನ್ನೂ ಅದೇ ತಿರುಗಿಸಬೇಕು. ನಮ್ಮ ಮಳವಳ್ಳಿ ಕಡೆಯ ಶಿವನಸಮುದ್ರದಲ್ಲಿ ಕಾವೇರಿ ನೀರು ಟರ್ಬೈನ್ ತಿರುಗಿಸಿ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟಿತಲ್ಲ, ಆಲ್ಟರ್ನೇಟರ್ ಕೆಲಸವೂ ಅಂಥದ್ದೇ. ಅಲ್ಲಿ ತಿರುಗಿಸೋದು ನೀರು, ಇಲ್ಲಿ ಬೆಲ್ಟು.

ಹಾಗಾಗಿ ಬೆಲ್ಟ್ ತುಂಡಾದರೆ ಹೋಗೋದು ಬರೀ ಲೈಟಲ್ಲ. ಗುತ್ತಲಿನಿಂದ ಮಕ್ಕಳನ್ನು ಕೂರಿಸಿಕೊಂಡು ಮೈಸೂರಿಗೆ ಹೊರಟಿದ್ದೀರಿ ಅನ್ನಿ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಚಾರ್ಜ್ ದೀಪ ಹತ್ತಿಕೊಳ್ಳುತ್ತೆ, ಹಿಂದೆಯೇ ಟೆಂಪರೇಚರ್ ಮುಳ್ಳು ಮೇಲೇರುತ್ತೆ. 'ಮನೆ ತನಕ ಹೇಗೋ ಹೋಗೋಣ' ಅನ್ನೋ ಮಾತು ಬಂದರೆ ದಯವಿಟ್ಟು ಒಪ್ಪಬೇಡಿ. ನೀರು ಸುತ್ತದ ಇಂಜಿನ್ ಕೆಲವೇ ನಿಮಿಷಗಳಲ್ಲಿ ಕಾದು ಹೆಡ್ ಗ್ಯಾಸ್ಕೆಟ್ ಸುಟ್ಟುಕೊಳ್ಳುತ್ತೆ. ಬೆಲ್ಟಿನ ಖರ್ಚು ನೂರರ ಲೆಕ್ಕ, ಇಂಜಿನ್ ಬಿಚ್ಚಿದರೆ ಸಾವಿರಗಳ ಲೆಕ್ಕ! ಗಾಡಿಯನ್ನು ಎಡಕ್ಕೆ ತೆಗೆಸಿ, ಇಂಜಿನ್ ಆಫ್ ಮಾಡಿಸಿ. ಮಕ್ಕಳನ್ನು ರಸ್ತೆಯಿಂದ ದೂರ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಫೋನ್ ಮಾಡಬಹುದು.

ಇನ್ನೊಂದು ಮಾತು. ಬಿಸಿ ರೇಡಿಯೇಟರ್ ಮುಚ್ಚಳಕ್ಕೆ ಯಾರೂ ಕೈ ಹಾಕಕೂಡದು. ಪ್ರೆಷರ್ ಇಳಿಯದ ಕುಕ್ಕರ್ ಮುಚ್ಚಳ ತೆಗೆಯುವ ಧೈರ್ಯ ನಿಮಗಿದೆಯಾ? ಇದು ಅದಕ್ಕಿಂತ ಕೆಟ್ಟದು, ಕುದಿನೀರು ಮುಖಕ್ಕೇ ಚಿಮ್ಮುತ್ತೆ. ಪೂರ್ತಿ ಆರುವ ತನಕ ಕಾಯಲೇಬೇಕು. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯೋದೂ ಬೇಡ, ಲೋಹ ಬಿರುಕು ಬಿಟ್ಟೀತು. ಬೆಲ್ಟಿನ ಬದಲು ದುಪಟ್ಟಾ ಕಟ್ಟೋ ಸಾಹಸವೆಲ್ಲ ಸಿನಿಮಾಕ್ಕೇ ಇರಲಿ.

ಅಲ್ಲಿಗೆ ಹೋಗದಂತೆ ಮಾಡೋದು ಸುಲಭ. ತಿಂಗಳಿಗೊಮ್ಮೆ, ಗಾಡಿ ತಣ್ಣಗಿದ್ದಾಗ, ಕೀಲಿ ನಿಮ್ಮ ಕೈಯಲ್ಲೇ ಇಟ್ಟುಕೊಂಡು ಬಾನೆಟ್ ತೆಗೆಯಿರಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ಮೇಲೆ ಕಟ್ಟಿ, ಸರ, ಬಳೆ ಒಳಗೆ ತೆಗೆದಿಟ್ಟು ಬನ್ನಿ. ಇಂಜಿನ್ ಓಡುತ್ತಿರುವಾಗಂತೂ ಬಗ್ಗಿ ನೋಡಲೇಬೇಡಿ. ತಿರುಗುವ ಬೆಲ್ಟಿಗೆ ಸೆರಗು ಸಿಕ್ಕರೆ ಎಳೆದುಕೊಳ್ಳೋಕೆ ಒಂದು ಕ್ಷಣ ಸಾಕು. ಬೆಲ್ಟನ್ನು ಸ್ವಲ್ಪ ತಿರುಚಿ ಒಳಮೈ ನೋಡಿ. ಬಿರುಕು ಇದೆಯಾ? ಅಂಚಿನಲ್ಲಿ ನೂಲು ಎದ್ದಿದೆಯಾ? ಪಕ್ಕಗಳು ಗಾಜಿನಂತೆ ಹೊಳೀತಿವೆಯಾ? ಇದರಲ್ಲಿ ಒಂದಿದ್ದರೂ ಬದಲಾಯಿಸುವ ಕಾಲ ಬಂತು. ಸದ್ದು ನಿಲ್ಲಲಿ ಅಂತ ಸೋಪು, ಪೌಡರ್ ಹಚ್ಚುವವರಿದ್ದಾರೆ. ಹುಳುಕು ಹಲ್ಲಿಗೆ ಲವಂಗ ಇಟ್ಟ ಹಾಗೆ ಅದು.

ಬೆಲ್ಟ್ ಹಾಕೋದು ದೊಡ್ಡ ವಿದ್ಯೆ ಏನಲ್ಲ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಆಲ್ಟರ್ನೇಟರ್ ಹಿಡಿದಿರುವ ಬೋಲ್ಟುಗಳನ್ನು ಸಡಿಲಿಸಿ ಇಂಜಿನ್ ಕಡೆ ತಳ್ಳಿದರೆ ಹಳೆಯದು ಸಡಿಲವಾಗುತ್ತೆ, ಫ್ಯಾನಿನ ಒಂದೊಂದೇ ರೆಕ್ಕೆ ದಾಟಿಸಿ ತೆಗೆಯಬೇಕು. ಹೊಸದನ್ನು ಅದೇ ದಾರಿಯಲ್ಲಿ ಹಾಕಿ, ಆಲ್ಟರ್ನೇಟರನ್ನು ಹೊರಕ್ಕೆ ಎಳೆದು ಬಿಗಿಯಬೇಕು. ಉದ್ದದ ಭಾಗದ ಮಧ್ಯೆ ಹೆಬ್ಬೆರಳಲ್ಲಿ ಒತ್ತಿದಾಗ ಸುಮಾರು ಅರ್ಧ ಇಂಚು ಬಗ್ಗಿದರೆ ಹದ. ತೀರಾ ಬಿಗಿದರೆ ನೀರಿನ ಪಂಪಿನ ಬೇರಿಂಗ್ ಹೋಗುತ್ತೆ. ಸ್ಕ್ರೂಡ್ರೈವರಿನಿಂದ ಮೀಟಿ ಏರಿಸುವ ಮೆಕ್ಯಾನಿಕ್‌ನನ್ನು ಅಲ್ಲೇ ತಡೆಯಿರಿ, ಒಳಗಿನ ನೂಲು ಹರಿಯುತ್ತೆ.

ಆದರೆ ಹೊಸ ಬೆಲ್ಟ್ ಹಾಕಿಸಿದ ಮೇಲೂ ಕಿರುಚಾಟ ನಿಲ್ಲಲಿಲ್ಲವೆ? ಬಿಗಿಯೂ ಸರಿ ಇದ್ದರೆ ತಪ್ಪು ಬಹುಶಃ ಪುಲ್ಲಿಯದು. ಹೆಚ್ಚಿನವರು ಇಲ್ಲೇ ದುಡ್ಡು ಕಳೆದುಕೊಳ್ಳೋದು. ಬೆಲ್ಟ್ ಹಿಡಿಯೋದು ಪುಲ್ಲಿ ಸಂದಿನ ಎರಡೂ ಪಕ್ಕದ ಗೋಡೆಗಳನ್ನು, ತಳವನ್ನಲ್ಲ. ವರ್ಷಗಟ್ಟಲೆ ಉಜ್ಜಿ ಗೋಡೆ ಸವೆದರೆ ಬೆಲ್ಟ್ ತಳಕ್ಕೆ ಕೂತು ಜಾರುತ್ತೆ. ಟಾರ್ಚ್ ಹಾಕಿ ನೋಡಿ, ಸಂದಿನ ತಳ ಬೆಳ್ಳಿ ಲೋಟದಂತೆ ಫಳಫಳ ಅಂದರೆ ಅದೇ ಗುರುತು. ಪುಲ್ಲಿ ಸೊಟ್ಟಗಿದ್ದರೂ ಬೆಲ್ಟ್ ಒಂದೇ ಕಡೆ ಸವೆಯುತ್ತೆ. ಮುಂದಿನಿಂದ ಅಲ್ಲ, ಪಕ್ಕದಿಂದ ನೋಡಿದಾಗ ಮೂರೂ ಪುಲ್ಲಿ ಒಂದೇ ಗೆರೆಯಲ್ಲಿರಬೇಕು, ರಂಗೋಲಿ ಚುಕ್ಕಿಯ ಸಾಲಿನ ಹಾಗೆ.

ಪುಲ್ಲಿ ಬಿಚ್ಚೋದು ಮಾತ್ರ ಮೆಕ್ಯಾನಿಕ್‌ಗೇ ಬಿಡಿ. ಮುಂದಿನ ದೊಡ್ಡ ನಟ್ಟು ಬಿಚ್ಚಲು ಬಲ ಬೇಕು. ಒಳಗೆ ಅರ್ಧಚಂದ್ರದಂಥ ಪುಟ್ಟ ಕೀ ಇರಬಹುದು, ಬಿದ್ದು ಕಳೆದರೆ ಕೆಲಸ ಕೆಟ್ಟಂತೆ. ಅಂಗಡಿಗೆ ಹೋಗುವಾಗ ಹಳೆ ಪುಲ್ಲಿ, ಹಳೆ ಬೆಲ್ಟ್ ಎರಡನ್ನೂ ಕೈಯಲ್ಲಿ ಹಿಡಿದೇ ಹೋಗಲಿ. ಬ್ಲೌಸ್ ಪೀಸಿಗೆ ಸೀರೆ ಒಯ್ಯೋದಿಲ್ವೇ ನಾವು! ಹಳೆಯ ಡೈನಮೋ ತೆಗೆದು ಹೊಸ ಆಲ್ಟರ್ನೇಟರ್ ಹಾಕಿಸುವವರು ಇನ್ನೂ ಜಾಗ್ರತೆ. ಈಗಿನ ಆಲ್ಟರ್ನೇಟರುಗಳ ಪುಲ್ಲಿಯಲ್ಲಿ ಸಾಮಾನ್ಯವಾಗಿ ಚಪ್ಪಟೆ ಬೆಲ್ಟಿಗಾಗಿ ಸಣ್ಣ ಸಣ್ಣ ಸಂದುಗಳ ಸಾಲಿರುತ್ತೆ. ಅಂಬಾಸಿಡರಿನ ದಪ್ಪ ಬೆಲ್ಟ್ ಅದರಲ್ಲಿ ಕೂರೋದೇ ಇಲ್ಲ. ಒಂದೇ ಸಂದಿನ, ಹಳೆಯ ಅಳತೆಯದೇ ಪುಲ್ಲಿ ಹಾಕಿಕೊಡಿ ಅಂತ ಮೊದಲೇ ಹೇಳಿ. ಪುಲ್ಲಿ ಚಿಕ್ಕದಾದರೆ ಆಲ್ಟರ್ನೇಟರ್ ಜೋರಾಗಿ ತಿರುಗುತ್ತೆ, ದೊಡ್ಡದಾದರೆ ನಿಧಾನವಾಗಿ ತಿರುಗಿ ಚಾರ್ಜ್ ಸಾಲದೆ ಹೋಗುತ್ತೆ.

ಹೊಸ ಬೆಲ್ಟ್ ಮೊದಮೊದಲು ಕೊಂಚ ಹಿಗ್ಗುತ್ತೆ. ಇನ್ನೂರು, ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಿ. ಹಾಂ, ಇನ್ನೊಂದು ಹೊಸ ಬೆಲ್ಟನ್ನೂ ಅದಕ್ಕೆ ಬೇಕಾದ ಸ್ಪ್ಯಾನರುಗಳನ್ನೂ ಒಂದು ಬಟ್ಟೆ ಚೀಲಕ್ಕೆ ಹಾಕಿ ಡಿಕ್ಕಿಯಲ್ಲಿಡಿ. ಸ್ಟೆಪ್ನಿ ಪಕ್ಕದಲ್ಲೇ ಇರಲಿ, ಕತ್ತಲಲ್ಲೂ ಕೈಗೆ ಸಿಗುತ್ತೆ.